ಓಣಿಗೊಂದು ಬ್ಯಾಟರಿ ಗಾಡಿ

ಹಂಪಿ ನೋಡಿದ್ದೀರಾ? ನೋಡಿದ್ದರೆ ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಮರೆತಿರಲಾರಿರಿ. ಆ ರಥದ ಬಳಿಗೆ ನಿಮ್ಮನ್ನು ಕರೆದೊಯ್ದ ಪುಟ್ಟ ಗಾಡಿ ನೆನಪಿದೆಯೇ? ಗೆಜ್ಜಲ ಮಂಟಪದ ಬಳಿ ಬಸ್ಸು, ಕಾರುಗಳನ್ನೆಲ್ಲ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಿನ ಸುಮಾರು ಒಂದು ಕಿಲೋಮೀಟರ್ ದಾರಿಯನ್ನು ಬ್ಯಾಟರಿ ಗಾಡಿಯಲ್ಲಿ ಸಾಗಬೇಕು, ಇಲ್ಲವೇ ನಡೆಯಬೇಕು. ಹೊಗೆ ಮತ್ತು ಅದುರುವಿಕೆಯಿಂದ ಹಳೆಯ ಕಟ್ಟಡಗಳಿಗೆ ಹಾನಿಯಾಗಬಾರದೆಂದು ಮಾಡಿದ ಏರ್ಪಾಡು ಅದು. ಗಾಲ್ಫ್ ಮೈದಾನದಲ್ಲಿ ಓಡುವಂಥ ಈ ಗಾಡಿಗಳನ್ನು ಓಡಿಸಲು ಸ್ಥಳೀಯ ಮಹಿಳೆಯರಿಗೆ ತರಬೇತಿ ಕೊಡಲಾಯಿತು. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಸ್ಟೇರಿಂಗ್ ಹಿಡಿದು ದೇಶವಿದೇಶದ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವುದನ್ನು ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ.

ಅದೇ ಹಂಪಿಯಲ್ಲಿ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಕಟ್ಟಡವೊಂದಿದೆ. ಜನ ಅದನ್ನು ಮಸೀದಿ ಎನ್ನುತ್ತಾರೆ, ಶಾಸನ ಧರ್ಮಸಾಲೆ ಎನ್ನುತ್ತದೆ. ಅದನ್ನು ನೋಡಲು ಮಾತ್ರ ನಿಮ್ಮ ಕಾಲನ್ನೇ ನಂಬಬೇಕು. ಗಟ್ಟಿ ಕಾಲಿನವರು ಹೋಗಿಬರುತ್ತಾರೆ, ಮಂಡಿನೋವಿನವರು ಮಂಟಪದ ನೆರಳಲ್ಲಿ ಕುಳಿತು ಚೀಲ ಕಾಯುತ್ತಾರೆ. ನಮ್ಮ ಮನೆಗಳ ಕಥೆಯೂ ಇದೇ ಅಲ್ಲವೇ?

ಹಗರಿಯ ದಂಡೆಯ ಊರು

ಈಗ ಹಂಪಿಯಿಂದ ನಮ್ಮ ಊರಿಗೆ ಬನ್ನಿ. ಹೊಸಪೇಟೆಯಲ್ಲಿ ಬಸ್ಸು ಹತ್ತಿದರೆ ಮರಿಯಮ್ಮನಹಳ್ಳಿಯವರೆಗೆ ಹೆದ್ದಾರಿ. ತುಂಗಭದ್ರಾ ಜಲಾಶಯ ತುಂಬಿರುವ ತಿಂಗಳುಗಳಲ್ಲಾದರೆ ಹಿನ್ನೀರು ದೂರದವರೆಗೆ ಹರಡಿ ಹೊಳೆಯುತ್ತಿರುತ್ತದೆ. ಅಲ್ಲಿಂದ ಮುಂದೆ ಮೆಕ್ಕೆಜೋಳ, ಜೋಳದ ಹೊಲಗಳ ನಡುವೆ ಸಾಗಿ ಹಗರಿಬೊಮ್ಮನಹಳ್ಳಿ ತಲುಪುತ್ತೀರಿ. ಬಾಯ್ತುಂಬ ಹೆಸರು ಹೇಳುವಷ್ಟು ಪುರುಸೊತ್ತಿಲ್ಲದವರು ಎಚ್.ಬಿ. ಹಳ್ಳಿ ಎನ್ನುತ್ತಾರೆ. ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಹೊಸಪೇಟೆ-ಕೊಟ್ಟೂರು ರೈಲು ಮಾರ್ಗ ಇಲ್ಲಿಂದಲೇ ಹಾದುಹೋಗುತ್ತದೆ. ಮಾಲವಿ ಜಲಾಶಯ ಇದೇ ತಾಲೂಕಿನಲ್ಲಿದೆ.

ಪಕ್ಷಿಗಳನ್ನು ಇಷ್ಟಪಡುವ ಮಕ್ಕಳಿದ್ದರೆ ಅಂಕಸಮುದ್ರದ ಕೆರೆಯನ್ನು ತೋರಿಸದೆ ಮರಳಬೇಡಿ. ಹೊಲಕ್ಕೆ ನೀರುಣಿಸಲು ಹಿಂದಿನವರು ಕಟ್ಟಿದ ಈ ಕೆರೆಯ ಜಾಲಿ ಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಗಳು ಇಲ್ಲಿನ ವಿಶೇಷ. ಸುಮಾರು 98 ಹೆಕ್ಟೇರ್ ವಿಸ್ತಾರದ ಈ ಪಕ್ಷಿ ಸಂರಕ್ಷಣಾ ಮೀಸಲು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಚಳಿಗಾಲದ ಮುಂಜಾವು ಹೋದರೆ ಕಣ್ಣು ತುಂಬುವಷ್ಟು ನೋಡಬಹುದು.

ಊರು ದೊಡ್ಡದೇನಲ್ಲ. ಬಸ್ ಸ್ಟ್ಯಾಂಡು, ಸಂತೆ, ಸರಕಾರಿ ಆಸ್ಪತ್ರೆ, ಶಾಲೆ, ಬಟ್ಟೆ ಅಂಗಡಿ ಎಲ್ಲವೂ ನಡೆಯುವಷ್ಟು ಹತ್ತಿರ. ಆದರೆ ಯಾರಿಗೆ ಹತ್ತಿರ? ಬೇಸಿಗೆಯಲ್ಲಿ 40 ಡಿಗ್ರಿಗೆ ಏರುವ ಬಿಸಿಲಲ್ಲಿ, ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದವಳಿಗೆ ಅರ್ಧ ಕಿಲೋಮೀಟರ್ ಕೂಡ ದೂರವೇ.

ನಮ್ಮ ಅತ್ತೆಯವರಿಗೆ ಎರಡೂ ಮಂಡಿ ಸವೆದಿವೆ. ಮೂರು ಓಣಿಯಾಚೆ ಅವರ ಸ್ವಂತ ತಂಗಿಯ ಮನೆಯಿದೆ. ಇಬ್ಬರೂ ಫೋನಿನಲ್ಲಿ ದಿನಾ ಮಾತನಾಡುತ್ತಾರೆ, ಮುಖ ನೋಡುವುದು ಈದ್‌ಗೆ, ಬಕ್ರೀದ್‌ಗೆ, ಯಾರದಾದರೂ ಮದುವೆಗೆ. ಗಂಡುಮಕ್ಕಳ ಬೈಕಿನ ಹಿಂದೆ ಕೂರಲು ಅವರಿಗೆ ಭಯ. ಆಟೋದವರು ಅಷ್ಟು ಹತ್ತಿರಕ್ಕೆ ಬರಲೊಪ್ಪುವುದಿಲ್ಲ, ಒಪ್ಪಿದರೆ ಕೇಳುವ ಬಾಡಿಗೆ ಕೇಳಿ ಅತ್ತೆಯವರೇ “ಬೇಡ ಬಿಡಮ್ಮಾ, ಇನ್ನೊಂದು ದಿನ ನೋಡೋಣ” ಎನ್ನುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ದಾದಿಯೋ ನಾನಿಯೋ ಇರಬಹುದು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆಲ್ಲ ಸರಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹೊಸಪೇಟೆಯ ಡಾಕ್ಟರ ಬಳಿಗೆ ಹೋಗಿಬರಲು ಬಸ್ಸಿಗೆ ಒಂದು ಪೈಸೆ ಬೇಡ. ಮನೆಯಿಂದ ಬಸ್ ಸ್ಟ್ಯಾಂಡಿಗೆ, ಬಸ್ ಸ್ಟ್ಯಾಂಡಿನಿಂದ ಮನೆಗೆ ಹೋಗುವುದೇ ಈಗ ಪ್ರಯಾಣದ ಅತ್ಯಂತ ದುಬಾರಿ ಭಾಗ.

ಹಳೆಯ ಗಾಲ್ಫ್ ಗಾಡಿ ಕೊಂಡರೆ?

ಹಂಪಿಯ ಗಾಡಿ ನೋಡಿದವರಿಗೆ ಸಹಜವಾಗಿ ಬರುವ ಆಸೆ ಇದು. ರೆಸಾರ್ಟು, ಕಾರ್ಖಾನೆ, ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಓಡಿ ಹಳತಾದ ಇಂಥ ಗಾಡಿಗಳು ಮಾರಾಟಕ್ಕೆ ಬರುತ್ತವೆ. ತಗ್ಗಿನ ಮೆಟ್ಟಿಲು, ಸದ್ದಿಲ್ಲ, ಹೊಗೆಯಿಲ್ಲ, ಗೇರಿನ ಗೋಜಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿ ಎಂಬ ಊರಿನಲ್ಲಿ ಮನೆಮನೆಗೂ ಎಂಬಂತೆ ಇವೆ. ಅಲ್ಲಿನ ಜನ ಇವುಗಳಲ್ಲೇ ಅಂಗಡಿಗೂ ಶಾಲೆಗೂ ಹೋಗುತ್ತಾರೆ. ಮಕ್ಕಾದಲ್ಲೂ ಸಫಾ-ಮರ್ವಾ ನಡುವೆ ನಡೆಯಲಾಗದವರಿಗೆ ವಿದ್ಯುತ್ ಗಾಡಿಗಳಿವೆ. 2024ರ ರಮಝಾನಿನಲ್ಲಿ ಮಸ್ಜಿದುಲ್ ಹರಾಮ್‌ನ ಛಾವಣಿಯ ಮೇಲೆ ತವಾಫ್‌ಗೂ ಗಾಲ್ಫ್ ಗಾಡಿಗಳನ್ನು ಒದಗಿಸಲಾಯಿತು.

ಈ ಎಲ್ಲ ಕಡೆ ಒಂದು ಸಾಮಾನ್ಯ ಅಂಶವನ್ನು ಗಮನಿಸಿ. ಪೀಚ್‌ಟ್ರೀ ಸಿಟಿಯಲ್ಲಿ ಈ ಗಾಡಿಗಳಿಗೆಂದೇ ಸುಮಾರು 160 ಕಿಲೋಮೀಟರ್ ಬೇರೆ ದಾರಿಯಿದೆ. ಮಕ್ಕಾದಲ್ಲಿ ಅವು ಮಸೀದಿಯೊಳಗಿನ ಪ್ರತ್ಯೇಕ ಜಾಗದಲ್ಲಿ ಓಡುತ್ತವೆ. ಹಂಪಿಯಲ್ಲಿ ಬೇರೆ ವಾಹನಗಳನ್ನು ತಡೆದು ದಾರಿ ಬಿಟ್ಟುಕೊಟ್ಟಿದ್ದಾರೆ. ನಮ್ಮ ಓಣಿಯಿಂದ ಹೊರಟ ಗಾಡಿ ಮಾತ್ರ ಲಾರಿ, ಟ್ರ್ಯಾಕ್ಟರು, ಟಂಟಂಗಳ ನಡುವೆಯೇ ನುಗ್ಗಬೇಕು.

ಕಾನೂನಿನ ಮಾತೂ ಇದೆ. ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಮೀರದ ಹಗುರ ಬ್ಯಾಟರಿ ವಾಹನಗಳಿಗೆ ಮಾತ್ರ ನೋಂದಣಿಯಿಂದ ವಿನಾಯಿತಿ. ಗಾಲ್ಫ್ ಗಾಡಿಯ ಮೋಟರು ಅದರ ಎಷ್ಟೋ ಪಟ್ಟು ದೊಡ್ಡದು. ರಸ್ತೆಗೆಂದು ಅನುಮೋದನೆ ಪಡೆಯದ ಗಾಡಿಯನ್ನು ಆರ್‌ಟಿಓದಲ್ಲಿ ನೋಂದಾಯಿಸಲು ಬರುವುದಿಲ್ಲ. ನೋಂದಣಿ ಇಲ್ಲವೆಂದರೆ ವಿಮೆಯ ಆಸರೆಯೂ ಇಲ್ಲ. ಮಾರುವವರು “ಹಳ್ಳಿಯಲ್ಲಿ ಯಾರು ಕೇಳುತ್ತಾರೆ?” ಎನ್ನಬಹುದು. ಯಾರದೋ ಮಗುವಿಗೆ ಗಾಡಿ ತಗುಲಿದ ದಿನ ಎಲ್ಲರೂ ಕೇಳುತ್ತಾರೆ. ಪರಿಹಾರದ ಹೊರೆ ನಿಮ್ಮ ಮನೆಯ ಮೇಲೆ ಬೀಳುತ್ತದೆ. ದೊಡ್ಡ ಕಾಂಪೌಂಡಿನ ತೋಟವೋ ಶಾಲೆಯೋ ಇದ್ದವರಿಗೆ ಗಾಲ್ಫ್ ಗಾಡಿ ಸರಿ. ಓಣಿಯ ನಮಗೆ ಅದರ ತಂಗಿಯಂತಿರುವ ಇ-ರಿಕ್ಷಾ ಒಳ್ಳೆಯದು.

ಇ-ರಿಕ್ಷಾಕ್ಕೆ 2014-15ರಲ್ಲಿ ಕೇಂದ್ರ ಸರಕಾರ ನಿಯಮ ಮತ್ತು ಕಾನೂನಿನ ಚೌಕಟ್ಟು ಕೊಟ್ಟಿತು. ಚಾಲಕರ ಹೊರತು ನಾಲ್ವರು ಕೂರಬಹುದು, ವೇಗ ಗಂಟೆಗೆ 25 ಕಿಲೋಮೀಟರ್. ನೆಲ ತಗ್ಗಾಗಿರುವುದರಿಂದ ಹತ್ತಿ ಇಳಿಯುವುದು ಸುಲಭ, ಹಿಡಿದುಕೊಳ್ಳಲು ಕಂಬಿಯಿದೆ. ಕಾನೂನು ಇದನ್ನು ಬಾಡಿಗೆಗೆ ಓಡುವ ವಾಹನವೆಂದೇ ಗುರುತಿಸುತ್ತದೆ. ಆದ್ದರಿಂದ ಒಂದು ಮನೆಯ ಗಾಡಿ ಎಂದು ಯೋಚಿಸುವ ಬದಲು ಓಣಿಯ ಗಾಡಿ ಎಂದು ಯೋಚಿಸಿ. ನಿಮ್ಮ ಓಣಿಯಲ್ಲೇ ದುಡಿಮೆ ಹುಡುಕುತ್ತಿರುವ ಒಬ್ಬ ತಂಗಿ ಇರಬಹುದು. ಅವಳು ಲೈಸೆನ್ಸ್ ಪಡೆದು ಓಡಿಸಲಿ. ಬೆಳಿಗ್ಗೆ ಮಕ್ಕಳು ಶಾಲೆಗೆ, ಆಮೇಲೆ ಹಿರಿಯರು ಆಸ್ಪತ್ರೆಗೆ, ಸಂಜೆ ಹುಡುಗಿಯರು ಟ್ಯೂಷನ್‌ಗೆ. ಹೆಣ್ಣುಮಗಳೇ ಓಡಿಸುವಾಗ ಕಳಿಸುವ ತಾಯಂದಿರಿಗೂ ನೆಮ್ಮದಿ. ಹಂಪಿಯ ಹೆಣ್ಣುಮಕ್ಕಳಿಗೆ ಸಾಧ್ಯವಾದದ್ದು ನಮ್ಮ ಊರಿನಲ್ಲಿ ಏಕೆ ಆಗದು?

ಹಳೆಯದನ್ನು ಕೊಳ್ಳುವಾಗ

ಹೊಸದಕ್ಕೆ ಹಣ ಸಾಲದಿದ್ದರೆ ಹಳೆಯದು. ಆದರೆ ಬಣ್ಣ, ಸೀಟಿನ ಕವರ್ ನೋಡಿ ಮರುಳಾಗಬೇಡಿ. ಬ್ಯಾಟರಿ ಗಾಡಿಯ ಜೀವ ಸೀಟಿನ ಕೆಳಗಿರುತ್ತದೆ. ಸೀಟನ್ನು ಎತ್ತಿಸಿ ನೋಡಿ. ಇ-ರಿಕ್ಷಾದಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿಗಳಿದ್ದು ಒಟ್ಟು 48 ವೋಲ್ಟ್ ಆಗುತ್ತದೆ. ನಾಲ್ಕೂ ಒಂದೇ ಕಂಪನಿಯವು, ಒಂದೇ ವಯಸ್ಸಿನವು ಇರಬೇಕು. ಮೂರು ಹಳತು, ಒಂದು ಹೊಸತು ಇದ್ದರೆ ಹೊಸದೂ ಬೇಗ ಸೋಲುತ್ತದೆ. ದಿನವಿಡೀ ಬಾಡಿಗೆಗೆ ಓಡಿದ ಗಾಡಿಯ ಬ್ಯಾಟರಿ ಒಂದು-ಒಂದೂವರೆ ವರ್ಷಕ್ಕೇ ದಣಿದಿರುತ್ತದೆ. ಹಾಗಾಗಿ ಹೊಸ ಬ್ಯಾಟರಿ ಸೆಟ್ಟಿನ ಬೆಲೆಯನ್ನು ಮೊದಲು ಅಂಗಡಿಯಲ್ಲಿ ಕೇಳಿಕೊಂಡು, ಅದನ್ನು ಕಳೆದು ಗಾಡಿಗೆ ಬೆಲೆ ಕಟ್ಟಿ.

ಪೂರ್ತಿ ಚಾರ್ಜ್ ಮಾಡಿ ಒಂದೆರಡು ಗಂಟೆ ಸುಮ್ಮನೆ ಬಿಟ್ಟ ಮೇಲೆ ಮೆಕ್ಯಾನಿಕ್‌ನಿಂದ ಪ್ರತಿ ಬ್ಯಾಟರಿಯನ್ನು ಅಳೆಯಿಸಿ. 12.6 ವೋಲ್ಟಿನ ಆಸುಪಾಸು ಇದ್ದರೆ ಸರಿ. ಆಮೇಲೆ ನಾಲ್ವರನ್ನು ಕೂರಿಸಿ ಏರು ರಸ್ತೆಯಲ್ಲಿ ಓಡಿಸಿ ನೋಡಿ. ಖಾಲಿ ಗಾಡಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ, ಭಾರ ಬಿದ್ದಾಗ ನಿಜ ಹೊರಬರುತ್ತದೆ. ಬ್ರೇಕು, ಟಯರು, ದೀಪ, ಚಾಸಿಯ ತುಕ್ಕು ಇವನ್ನೂ ನೋಡಿಸಿ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರಂತೂ ಕೂಡದು, ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರೂ ಆಗದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಅಡುಗೆಮನೆಯ ಪಕ್ಕ, ಮಲಗುವ ಕೋಣೆಯಲ್ಲಿ ಚಾರ್ಜ್ ಮಾಡಬೇಡಿ. ಗಾಳಿಯಾಡುವ ಪಡಸಾಲೆಯೋ ಶೆಡ್ಡೋ ಇರಲಿ, ಮಕ್ಕಳು ದೂರವಿರಲಿ.

ಇನ್ನು ಕರೆಂಟಿನ ಲೆಕ್ಕ. 48 ವೋಲ್ಟ್, 120 ಆಂಪಿಯರ್-ಅವರ್ ಸೆಟ್ಟು ಪೂರ್ತಿ ತುಂಬಲು ನಷ್ಟವೆಲ್ಲ ಸೇರಿ ಸುಮಾರು 7 ಯೂನಿಟ್ ಬೇಕು. ದಿನಾ ತುಂಬಿದರೆ ತಿಂಗಳಿಗೆ 210 ಯೂನಿಟ್. ಗೃಹಜ್ಯೋತಿಯ ಗರಿಷ್ಠ ಮಿತಿಯೇ 200 ಯೂನಿಟ್ ಎಂಬುದು ನಿಮಗೆ ಗೊತ್ತು. ಗಾಡಿಯನ್ನು ಮನೆಯ ಮೀಟರಿಗೆ ಸಿಕ್ಕಿಸಿದರೆ ಆ ಸೌಲಭ್ಯ ಕೈತಪ್ಪಿ ಪೂರ್ತಿ ಬಿಲ್ಲು ಬರುತ್ತದೆ. ವಿದ್ಯುತ್ ವಾಹನಗಳ ಚಾರ್ಜಿಂಗಿಗೆ ಪ್ರತ್ಯೇಕ ದರವಿದೆ. ಬೇರೆ ಮೀಟರಿನ ಬಗ್ಗೆ ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಿರಿ.

ಕಾಗದಪತ್ರ ನೋಡದೆ ಮುಂಗಡ ಕೊಡಬೇಡಿ. ಆರ್‌ಸಿಯಲ್ಲಿರುವ ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ಹೊಂದಬೇಕು. ವಿಮೆ, ಎಫ್‌ಸಿ ಚಾಲ್ತಿಯಲ್ಲಿರಬೇಕು. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಕೇಳಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ನಮ್ಮ ಕಡೆಯವರಿಗೆ ಇದೆಲ್ಲ ಹೊಸಪೇಟೆಯ ಆರ್‌ಟಿಓದಲ್ಲಿ, ಕೆಎ-35. ಯಾವ ರಸ್ತೆಯಲ್ಲಿ ಓಡಿಸಬಹುದು, ಲೈಸೆನ್ಸಿಗೆ ಯಾವ ತರಬೇತಿ ಬೇಕು ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ. “ಹೆಸರು ಆಮೇಲೆ ಮಾಡಿಸಿಕೊಳ್ಳೋಣ” ಎಂಬ ಮಾತಿಗೆ ಒಪ್ಪಬೇಡಿ. ಓಡಿಸುವ ತಂಗಿಯ ಹೆಸರಿನಲ್ಲೇ ಆರ್‌ಸಿ ಬಂದರೆ ಇನ್ನೂ ಒಳ್ಳೆಯದು, ನಾಳೆ ಅವಳ ದುಡಿಮೆಯನ್ನು ಯಾರೂ ಕಸಿಯಲಾರರು.

ಈ ಸಲ ಓಣಿಯ ಹೆಂಗಸರು ಎಲ್ಲಾದರೂ ಸೇರಿದಾಗ ಮಾತು ತೆಗೆದು ನೋಡಿ. ಪ್ರತಿ ಮನೆಯವರೂ ತಿಂಗಳಿಗೆ ಆಟೋಕ್ಕೆಷ್ಟು ಕೊಡುತ್ತೀರಿ, ದುಬಾರಿಯೆಂದು ಎಷ್ಟು ಸಲ ಹೋಗದೆ ಉಳಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ಲೆಕ್ಕ ಗಾಡಿ ನಡೆಯುತ್ತದೆಯೋ ಇಲ್ಲವೋ ಹೇಳುತ್ತದೆ. ಎರಡನೆಯದು, ಅದು ಯಾರಿಗಾಗಿ ನಡೆಯಬೇಕು ಎಂಬುದನ್ನು ತಿಳಿಸುತ್ತದೆ. ಆಮೇಲೆ ನಮ್ಮ ಕಡೆ ಬಂದರೆ ಹಂಪಿಯ ಜೊತೆ ಅಂಕಸಮುದ್ರವನ್ನೂ ನೋಡಿ. ಬರುವಾಗ ಮನೆಯ ಹಿರಿಯರನ್ನೂ ಕರೆತನ್ನಿ, ಚೀಲ ಕಾಯಲು ಬಿಡಬೇಡಿ.