ಉಳಿದ ಎಂಟು ಕಿಲೋಮೀಟರು

ಸಮ್ಮೇಳನದ ಸ್ಮರಣ ಸಂಚಿಕೆಗೆ ‘ಗಡಿನಾಡಿನಲ್ಲಿ ಕನ್ನಡ ಶಿಕ್ಷಣ’ ಎಂಬ ವಿಷಯವಾಗಿ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದ್ದರು. ಆ ವಿಷಯವಾಗಿ ನಾವು ಮೂವತ್ತು ವರ್ಷ ಮಾತನಾಡಿದ್ದೇವೆ. ನಮಗಿಂತ ಚೆನ್ನಾಗಿ ಬರೆಯಬಲ್ಲವರು ಸಂಘದಲ್ಲಿ ಅನೇಕರಿದ್ದಾರೆ. ಆದ್ದರಿಂದ ಅವರ ಅನುಮತಿ ಪಡೆದು ನಮ್ಮದೇ ಒಂದು ಸೋಲಿನ ಕಥೆಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ. (‘ನಾನು’ ಎನ್ನಬೇಕಾದಲ್ಲಿ ‘ನಾವು’ ಎನ್ನುವುದು ಮುಖ್ಯಾಧ್ಯಾಪಕ ವೃತ್ತಿಯಿಂದ ಅಂಟಿದ ಚಾಳಿ. ನಿವೃತ್ತರಾಗಿ ಹದಿನೈದು ವರ್ಷ ಮೀರಿದರೂ ಬಿಟ್ಟಿಲ್ಲ. ವಾಚಕರು ಮನ್ನಿಸಬೇಕು.)

ಅಕ್ಕಲಕೋಟ ತಾಲೂಕಿನ ಕನ್ನಡ ಪ್ರೌಢಶಾಲೆಯೊಂದರಿಂದ ನಾವು ನಿವೃತ್ತರಾದದ್ದು 2008ರಲ್ಲಿ. ಮರುವರ್ಷವೇ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ವೈದ್ಯರು ದಿನಕ್ಕೆ ಒಂದು ತಾಸು ನಡೆಯಿರಿ ಎಂದರು. ನಮಗಿಂತ ಹತ್ತು ವರ್ಷ ಚಿಕ್ಕವರಾದ, ನಮ್ಮ ಶಾಲೆಯ ವ್ಯಾಯಾಮ ಶಿಕ್ಷಕರು ಜೊತೆಯಾದರು. ಮೈಂದರಗಿ ರಸ್ತೆಯಲ್ಲಿ, ಎರಡೂ ಬದಿಗೆ ತೊಗರಿ ಜೋಳದ ಹೊಲಗಳ ನಡುವೆ, ಆರಂಭದಲ್ಲಿ ನಡಿಗೆ, ಆರು ತಿಂಗಳ ಮೇಲೆ ಮೆಲ್ಲನೆಯ ಓಟ. ಅರವತ್ತು ದಾಟಿದ ಹೆಡ್‌ಮಾಸ್ತರರು ಚಡ್ಡಿ ತೊಟ್ಟು ಓಡುವುದನ್ನು ನೋಡಲು ಹೊಲದಲ್ಲಿದ್ದವರು ಕುರ್ಚಿಗೆ ಕೈಯೂರಿ ನಿಲ್ಲುತ್ತಿದ್ದರು. “ಏನ್ರೀ, ಯಾರರ ಬೆನ್ನ ಹತ್ಯಾರೇನು?” ಎಂದು ನಮ್ಮ ಮನೆಯವರು ಕೇಳಿದ್ದೂ ಉಂಟು.

ಹುಚ್ಚಿಗೆ ಗಾಳಿ ಹಾಕಿದ್ದು ಒಂದು ಹಳೆಯ ಸಂಗತಿ. ಭಾರತವು ಒಲಿಂಪಿಕ್ಸಿಗೆ ಮೊದಲ ಬಾರಿಗೆ ತಂಡವನ್ನು ಕಳುಹಿಸಿದ್ದು 1920ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ. ಅದರ ಹಿಂದೆ ದೊರಾಬ್ಜಿ ಟಾಟಾ ಅವರ ಆಸ್ಥೆಯಿತ್ತು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ತರುಣನಿದ್ದ. ಆತ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ 19ನೆಯವನಾದ. ಈ ಹೆಸರನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಒಮ್ಮೆಯೂ ಹೇಳಿರಲಿಲ್ಲ, ಏಕೆಂದರೆ ನಮಗೇ ತಿಳಿದಿರಲಿಲ್ಲ. ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. 2013ರ ಜನವರಿ 20ರ ಮುಂಬಯಿ ಮ್ಯಾರಥಾನಿಗೆ ಹೆಸರು ನೋಂದಾಯಿಸಿಬಿಟ್ಟೆವು. ಅರ್ಧ ಓಟವನ್ನಾದರೂ ಮೊದಲು ಓಡಿ ನೋಡಿ ಎಂದು ವ್ಯಾಯಾಮ ಶಿಕ್ಷಕರು ವಿನಯದಿಂದಲೇ ಹೇಳಿದರು. ನಾವು ಕೇಳಲಿಲ್ಲ. ಅವರು ನಮ್ಮ ಕೈಕೆಳಗೆ ಕೆಲಸ ಮಾಡಿದವರು. ಆ ಕಾರಣಕ್ಕೇ ಕೇಳಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇವೆ.

ಹೊರಡುವ ಮುನ್ನಾದಿನ ಊರಿನಲ್ಲಿ ಸತ್ಕಾರ. ಶಾಲು, ತೆಂಗಿನಕಾಯಿ, ಹಾರ. ಓಡುವುದಕ್ಕೆ ಮೊದಲೇ ಮಾಡಿದ ಸತ್ಕಾರವಾದ್ದರಿಂದ ಹಾರ ಸ್ವಲ್ಪ ಭಾರವಾಗಿಯೇ ಇತ್ತು.

ಓಟ ಆರಂಭವಾದಾಗ ಇನ್ನೂ ಕತ್ತಲು. ಮುಂಬಯಿಯ ದೊಡ್ಡ ರೈಲು ನಿಲ್ದಾಣದ ಮುಂದೆ ಸಾವಿರಾರು ಜನ. ಐದೂವರೆ ತಾಸಿನಲ್ಲಿ ಮುಗಿಸುವುದು ನಮ್ಮ ಲೆಕ್ಕ. ಅಂದರೆ ಹತ್ತು ಕಿಲೋಮೀಟರಿಗೆ 78 ನಿಮಿಷ. ಮರೀನ್ ಡ್ರೈವಿನ ತಂಗಾಳಿ, ಅಕ್ಕಪಕ್ಕದವರ ಉತ್ಸಾಹ. ಮೊದಲ ಹತ್ತು ಕಿಲೋಮೀಟರು 66 ನಿಮಿಷಕ್ಕೇ ಆಯಿತು. ಹನ್ನೆರಡು ನಿಮಿಷ ಗಳಿಸಿದೆವೆಂದು ಹಿಗ್ಗಿದೆವು. ಸಮುದ್ರದ ಮೇಲಿನ ಸೇತುವೆ ದಾಟಿದಾಗಲೂ ಹಿಗ್ಗು ಇಳಿದಿರಲಿಲ್ಲ. ಬೀದಿಬದಿಯ ಮನೆಗಳವರು ಕಿತ್ತಳೆಯ ತೊಳೆ, ಬಿಸ್ಕತ್ತು, ಶೇಂಗಾ ಚಿಕ್ಕಿ ಹಿಡಿದು ನಿಂತಿದ್ದರು. ಏನೂ ಬೇಡವೆಂದು ಕೈಬೀಸಿ ಮುಂದೆ ಹೋದೆವು.

ಮೂವತ್ತರ ಸುಮಾರಿಗೆ ಕಾಲು ನಮ್ಮದಾಗಿ ಉಳಿಯಲಿಲ್ಲ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಸಂಗ್ರಹ ಸಾಮಾನ್ಯವಾಗಿ ಅಷ್ಟು ದೂರಕ್ಕೇ ಸಾಕಾಗುವುದು. ಆಮೇಲೆ ದೇಹ ಕೊಬ್ಬನ್ನು ನೆಚ್ಚಬೇಕು, ಅದು ನಿಧಾನದ ಉರುವಲು. ಓಟಗಾರರು ಇದನ್ನು ಗೋಡೆಗೆ ಬಡಿಯುವುದು ಎನ್ನುತ್ತಾರೆ. ನಮಗೆ ಗೋಡೆಯಂತೆ ತೋರಲಿಲ್ಲ. ಕರಿಮಣ್ಣಿನ ಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದಂತೆ, ಹೆಜ್ಜೆಹೆಜ್ಜೆಗೂ ಕಾಲಿಗೆ ಒಂದೊಂದು ಸೇರು ಮಣ್ಣು ಮೆತ್ತಿಕೊಂಡಂತೆ ತೋರಿತು. ಬಿಸಿಲೇರಿತ್ತು. ಮೀನಖಂಡ ಕಟ್ಟಿಕೊಂಡಿತು. ಓಟ ನಡಿಗೆಯಾಗಿ, ನಡಿಗೆ ಕುಂಟುವಿಕೆಯಾಗಿ, 34ನೆಯ ಕಿಲೋಮೀಟರಿನ ಬಳಿ, ಹಾಜಿ ಅಲಿಯ ಹತ್ತಿರ, ಪಾದಚಾರಿ ಕಟ್ಟೆಯ ಮೇಲೆ ಕುಳಿತೆವು. ಎದುರಿಗೆ ಪೆಡ್ಡರ್ ರಸ್ತೆಯ ಏರು. ನಮ್ಮ ಮೊಮ್ಮಗಳ ವಯಸ್ಸಿನ ಸ್ವಯಂಸೇವಕಿಯೊಬ್ಬಳು ಬಾಗಿ, “ದಾದಾಜಿ, ಅಂಬ್ಯುಲೆನ್ಸ್ ಕರೆಯಲೇ?” ಎಂದು ಹಿಂದಿಯಲ್ಲಿ ಕೇಳಿದಳು. ಬೇಡವೆಂದೆವು. ಅವಳು ಅತ್ತ ಹೋದ ಮೇಲೆ ಎದೆಯ ಮೇಲಿನ ಸಂಖ್ಯೆಯ ಚೀಟಿಯನ್ನು ಬಿಚ್ಚಿ ಮಡಚಿ ಜೇಬಿಗಿಳಿಸಿ, ಪಕ್ಕದ ಓಣಿಗೆ ನಡೆದು ಟ್ಯಾಕ್ಸಿ ಹಿಡಿದೆವು.

ಮರುದಿನ ಬೆಳಗ್ಗೆ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಿಂದ ಸೊಲ್ಲಾಪುರದಲ್ಲಿ ಇಳಿದಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಜೀಪು ತಂದು ನಿಂತಿದ್ದ. ಪ್ರಯಾಣಿಕರನ್ನು ಸಾಗಿಸುವುದು ಅವನ ಉದ್ಯೋಗ. ಚೀಲ ತೆಗೆದುಕೊಳ್ಳುತ್ತ ಕೇಳಿದ: “ಗುರೂಜಿ, ಮುಗೀತೇನ್ರಿ?”

“ಮುಗೀತು” ಎಂದೆವು.

ಸುಳ್ಳಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆವು. ನಿಜವಾಗಿಯೂ ಎಲ್ಲ ಮುಗಿದಿತ್ತು. ಇಂಥದೇ ಅರೆಸತ್ಯ ನುಡಿದದ್ದಕ್ಕೆ ಧರ್ಮರಾಯನ ರಥ ನೆಲಕ್ಕಿಳಿಯಿತಂತೆ. ನಮ್ಮದು ಜೀಪು, ಮೊದಲೇ ನೆಲದ ಮೇಲಿತ್ತು. ಊರಿಗೆ ಬರುವುದರೊಳಗೆ ಸುದ್ದಿ ನಮಗಿಂತ ಮುಂದೆ ಓಡಿತ್ತು. ಪದಕ ತೋರಿಸಿ ಎಂದವರಿಗೆ “ಅಂಚೆಯಲ್ಲಿ ಬರುತ್ತದೆ” ಎಂದೆವು. ಇದಂತೂ ಅರೆಸತ್ಯವೂ ಆಗಿರಲಿಲ್ಲ. ಬುಧವಾರ ಶಾಲೆಯ ಬಾಗಿಲ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನಮ್ಮ ಅಭಿನಂದನೆ. ಗಣರಾಜ್ಯೋತ್ಸವದ ದಿನ ಧ್ವಜವಂದನೆಯಾದ ಮೇಲೆ ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಆಹ್ವಾನ.

ಆ ವಾರ ನಿದ್ದೆ ಬರಲಿಲ್ಲ. ಮಾಡಲು ಬೇರೇನೂ ತೋಚದೆ ಒಂದು ನೋಟುಬುಕ್ಕು ತೆಗೆದು, ಉತ್ತರಪತ್ರಿಕೆ ತಿದ್ದುವಂತೆ, ಓಟವನ್ನು ಮೊದಲಿನಿಂದ ತಿದ್ದುತ್ತ ಹೋದೆವು. ಮೊದಲ ಹತ್ತರಲ್ಲಿ ಗಳಿಸಿದ ಹನ್ನೆರಡು ನಿಮಿಷ ಗಳಿಕೆಯಲ್ಲ, ಸಾಲ. ಕೊನೆಯಲ್ಲಿ ಬಡ್ಡಿ ಸಹಿತ ವಸೂಲಾಯಿತು. ತರಬೇತಿಯಲ್ಲಿ ನಾವು ಒಮ್ಮೆಯೂ 24 ಕಿಲೋಮೀಟರು ಮೀರಿ ಓಡಿರಲಿಲ್ಲ. ಮೂವತ್ತರವರೆಗಾದರೂ ಕಾಲಿಗೆ ರೂಢಿ ಮಾಡಿಸಬೇಕಿತ್ತು. ದಾರಿಯುದ್ದಕ್ಕೂ ಬರಿಯ ನೀರು ಕುಡಿದೆವು. ಬೆವರಿನಲ್ಲಿ ಹೋದ ಉಪ್ಪಿಗೆ ಬದಲು ಹಾಕಲಿಲ್ಲ. ಆ ಕಿತ್ತಳೆ, ಆ ಚಿಕ್ಕಿ ಬೇಡವೆಂದದ್ದು ಶುದ್ಧ ಅಹಂಕಾರ. ಹೀಗೆ ಒಂದೊಂದೇ ಬರೆದುಕೊಂಡಂತೆ ಒಂದು ವಿಚಿತ್ರ ನಡೆಯಿತು. ನಾಚಿಕೆ ಕಡಿಮೆಯಾಗಲಿಲ್ಲ, ಆದರೆ ಅದಕ್ಕೆ ಒಂದು ಆಕಾರ ಬಂತು. ‘ಸೋತೆ’ ಎಂಬ ಒಂದು ಮಾತಿದ್ದಲ್ಲಿ ನಾಲ್ಕು ತಪ್ಪುಗಳಿದ್ದವು, ಪ್ರತಿಯೊಂದಕ್ಕೂ ಒಂದು ಜಾಗವಿತ್ತು. ಮತ್ತು ಅವುಗಳ ನಡುವೆ ನಾವು ನಿಜವಾಗಿಯೂ ಓಡಿದ 34 ಕಿಲೋಮೀಟರುಗಳಿದ್ದವು.

ಜನವರಿ 25ರ ಸಂಜೆ ಜೀಪಿನ ಹುಡುಗ ಮನೆಗೆ ಬಂದ. ಹುಡುಗನೆಂದರೆ ಮೂವತ್ತೈದರವನು. ಜೀಪಿನಲ್ಲಿ ಬಿಟ್ಟುಹೋಗಿದ್ದ ನಮ್ಮ ಟೊಪ್ಪಿಗೆಯನ್ನು ಕೊಡಲು ಬಂದಿದ್ದ. ಚಹಾ ಕುಡಿದ. ಏಳುವಾಗ ಹೊಸ್ತಿಲ ಕಡೆ ನೋಡುತ್ತ ಮೆಲ್ಲಗೆ ಹೇಳಿದ:

“ಗುರೂಜಿ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಓಟ ಪೂರಾ ಆಗಿಲ್ಲಂತ ನನಗ ಅವತ್ತ ಗೊತ್ತಾತ್ರಿ. ಮುಗೀತು ಅನ್ನೂ ಮುಂದ ನೀವು ನನ್ನ ಮಾರಿ ನೋಡಲಿಲ್ಲ. ನಿಕಾಲ ಬಂದ ದಿನ ನಾನೂ ಮನ್ಯಾಗ ಹಂಗ ಅಂದಿದ್ದೆ, ಪಾಸಾಗೀನಿ ಅಂತ. ಮರುದಿನ ನೀವು ಹೆಸರ ಓದೂ ತನಕ ನಮ್ಮವ್ವ ಓಣಿಗೆಲ್ಲ ಸಕ್ಕರಿ ಹಂಚಿದ್ಲು.”

ಹೆಸರು ಓದುವುದು. ಇದನ್ನು ವಿವರಿಸಲೇಬೇಕು. ಹತ್ತನೆಯ ತರಗತಿಯ ಫಲಿತಾಂಶ ಬಂದಾಗ, ಅಂಕಪಟ್ಟಿ ಹಂಚುವ ಮೊದಲು, ಉತ್ತೀರ್ಣರ ಹೆಸರುಗಳನ್ನು, ಅನಂತರ ಅನುತ್ತೀರ್ಣರ ಹೆಸರುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೆವು. ಮಕ್ಕಳಿಗೆ ಚುರುಕು ಮುಟ್ಟಲಿ ಎಂಬ ಉದ್ದೇಶ. ಬೇರೆ ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಓದಿ ಮುಗಿಸಿ, ಸೋಲಿಗೆ ಎದೆಗುಂದಬಾರದು ಎಂದು ಒಂದು ಭಾಷಣವನ್ನೂ ಮಾಡುತ್ತಿದ್ದೆವು. 1994ರಲ್ಲಿ ಈ ಹುಡುಗನಿಗೆ ಇಂಗ್ಲಿಷಿನಲ್ಲಿ 31 ಅಂಕ. ಬೇಕಾದದ್ದು 35. ಉಳಿದ ವಿಷಯಗಳಲ್ಲಿ ಪಾಸಾಗಿದ್ದ. ಇಂಗ್ಲಿಷ್ ಕಲಿಸುತ್ತಿದ್ದವರು ನಾವೇ. ಅಕ್ಟೋಬರಿನಲ್ಲಿ ಮತ್ತೆ ಕೂಡಬಹುದಿತ್ತು. ಅವನು ಶಾಲೆಯ ಕಡೆ ಮತ್ತೆ ಬರಲಿಲ್ಲ; ಆ ನಾಲ್ಕು ಅಂಕ ಎಲ್ಲಿ ಹೋದವೆಂದು ನಾವೂ ಕರೆದು ಕೂರಿಸಿ ನೋಡಲಿಲ್ಲ. ನಮ್ಮ ಓಟಕ್ಕೆ ತೆಗೆದಂಥ ಒಂದು ನೋಟುಬುಕ್ಕನ್ನು ಸೇವೆಯುದ್ದಕ್ಕೂ ಎಷ್ಟು ಮಕ್ಕಳಿಗೆ ತೆಗೆದಿದ್ದೆವು? ಅವನ ಮುಂದೆ ಉತ್ತರವಿರಲಿಲ್ಲ. ತಪ್ಪಾಯಿತಪ್ಪಾ ಎಂದೆವು. “ಬಿಡ್ರಿ ಗುರೂಜಿ, ಅದೇನ್ ಮಾತು” ಎಂದು ಅವನೇ ಸಂಕೋಚಪಟ್ಟು ಹೊರಟುಹೋದ.

ಮರುದಿನ ಧ್ವಜವಂದನೆಯ ಮೇಲೆ ಮಕ್ಕಳ ಮುಂದೆ ನಿಂತು, ನಾವು 42 ಕಿಲೋಮೀಟರು ಓಡಿಲ್ಲ, 34ಕ್ಕೆ ಕುಳಿತೆವು, ಪದಕ ಅಂಚೆಯಲ್ಲಿ ಬರುವುದಿಲ್ಲ ಎಂದು ಹೇಳಿದೆವು. ವೇದಿಕೆಯ ಮೇಲಿನ ಗಣ್ಯರು ನೆಲ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾಲ್ಕು ತಪ್ಪುಗಳನ್ನೂ ಕರಿಹಲಗೆಯ ಮೇಲೆ ಬರೆದು ವಿವರಿಸಿದೆವು. ಕೇಳುತ್ತೀರಾದರೆ ನಮ್ಮ ಸೇವಾವಧಿಯ ಪಾಠಗಳಲ್ಲಿ ಅಷ್ಟು ನಿಶ್ಶಬ್ದವಾಗಿ ಮಕ್ಕಳು ಕೇಳಿದ್ದು ಅದೊಂದೇ. ಮುಗಿದ ಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಗುರೂಜಿ, ಉಳಿದ ಎಂಟು ಕಿಲೋಮೀಟರು ಯಾವಾಗ ಓಡ್ತೀರಿ?”

ಆ ಪ್ರಶ್ನೆಯ ಬೆನ್ನು ಹತ್ತಿ ಓದುವಾಗ ಸಿಕ್ಕವನು ಜಪಾನಿನ ಶಿಜೋ ಕನಕುರಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಹೋದಾಗ ಆತ ಟೋಕಿಯೋದ ಶಿಕ್ಷಕ ತರಬೇತಿ ಕಾಲೇಜಿನ ವಿದ್ಯಾರ್ಥಿ. ಮ್ಯಾರಥಾನಿನ ದಿನ ಭಯಂಕರ ಬಿಸಿಲು. ನಡುದಾರಿಯಲ್ಲಿ ಬಸವಳಿದು ಒಂದು ಮನೆಯ ತೋಟದಲ್ಲಿ ಆಸರೆ ಪಡೆದ. ಓಟ ಬಿಟ್ಟದ್ದನ್ನು ಅಧಿಕಾರಿಗಳಿಗೆ ತಿಳಿಸದೆ ಸ್ವದೇಶಕ್ಕೆ ಮರಳಿದ. ಟ್ಯಾಕ್ಸಿ ಹಿಡಿದ ನಮಗೆ ಈ ಸಂಗತಿ ಎಷ್ಟು ಆಪ್ತವಾಯಿತೆಂದು ಹೇಳಬೇಕಾಗಿಲ್ಲ. 1967ರಲ್ಲಿ ಸ್ವೀಡನ್ನಿನವರು ಅವನನ್ನು ಕರೆಸಿ ಓಟ ಪೂರ್ಣಗೊಳಿಸಲು ಕೋರಿದರು. ಎಪ್ಪತ್ತೈದರ ಮುದುಕ ಅಂತಿಮ ರೇಖೆ ದಾಟಿದ. ದಾಖಲಾದ ಕಾಲ 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, ಮೇಲೆ ಸೆಕೆಂಡುಗಳು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಸಿದ್ಧ ಕಥೆಯಲ್ಲ, ಇನ್ನೊಂದು ಸಣ್ಣ ವಿವರ. ಸೋತವನು ಸುಮ್ಮನೆ ಕೂಡಲಿಲ್ಲ. 1920ರಲ್ಲಿ ಆಂಟ್‌ವರ್ಪಿಗೂ ಬಂದು ಮ್ಯಾರಥಾನ್ ಮುಗಿಸಿ 16ನೆಯವನಾದ. ನಮ್ಮ ಬೆಳಗಾವಿಯ ಚೌಗುಲೆ 19ನೆಯವನಾದದ್ದು ಅದೇ ಓಟದಲ್ಲಿ. ಇಬ್ಬರ ನಡುವೆ ಎರಡೇ ನಿಮಿಷದ ಅಂತರ.

ಮುಂದಿನ ವರ್ಷ ವ್ಯಾಯಾಮ ಶಿಕ್ಷಕರ ಮಾತು ಕೇಳಿ ಅರ್ಧ ಓಟಕ್ಕೆ ಸಿದ್ಧರಾದೆವು. ಮೊದಲ ಭಾಗ ನಿಧಾನ, ಜೇಬಿನಲ್ಲಿ ಬೆಲ್ಲ, ನೀರಿಗೆ ಉಪ್ಪು. ಮುಗಿಸಿದೆವು. ಪದಕ ಮನೆಯಲ್ಲಿದೆ. ಪೂರ್ಣ ಓಟಕ್ಕೆ ಮೊಣಕಾಲು ಆಮೇಲೆ ಒಪ್ಪಲಿಲ್ಲ. ಭಾನುವಾರದ ದೂರದ ಓಟಗಳಿಗೆ ಜೀಪಿನ ಹುಡುಗ ನೀರು ಹೊತ್ತು ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ. ಪರೀಕ್ಷೆಗೆ ಕೂಡೆಂದು ಅನೇಕ ಸಲ ಹೇಳಿದೆವು. “ಈಗ್ಯಾಕ್ರಿ ಗುರೂಜಿ” ಎಂದು ನಕ್ಕು ಜಾರಿಕೊಂಡ. ಕೂಡಲೇ ಇಲ್ಲ. ಅವನ ಮಗಳು ಮಾತ್ರ ಸಂಜೆ ಇಂಗ್ಲಿಷಿಗೆ ನಮ್ಮ ಮನೆಗೆ ಬರತೊಡಗಿದಳು. ಅವಳಿಗೊಂದು ನೋಟುಬುಕ್ಕು ಮಾಡಿದೆವು. ತಪ್ಪಾದ ಉತ್ತರಗಳು ಮಾತ್ರ ಅದರಲ್ಲಿ, ಪಕ್ಕದಲ್ಲಿ ಎಲ್ಲಿ ತಪ್ಪಿತೆಂಬ ಟಿಪ್ಪಣಿ.

2014ರ ನವೆಂಬರಿನಲ್ಲಿ ಸಂಬಂಧಿಕರ ಮದುವೆಗೆಂದು ಅವನ ಜೀಪಿನಲ್ಲಿಯೇ ಮುಂಬಯಿಗೆ ಹೋಗಿದ್ದೆವು. ಮರುದಿನ 9ನೆಯ ತಾರೀಖು ಭಾನುವಾರ ನಸುಕಿನಲ್ಲಿ, ಯಾರಿಗೂ ಹೇಳದೆ, ಇಬ್ಬರೂ ಹಾಜಿ ಅಲಿಗೆ ಹೋದೆವು. ಅದೇ ಕಟ್ಟೆಯ ಬಳಿ ಒಂದು ಕ್ಷಣ ನಿಂತು ಪೆಡ್ಡರ್ ರಸ್ತೆ ಹತ್ತಿದೆವು. ಓಡಲಿಲ್ಲ, ನಡೆದೆವು. ಮರೀನ್ ಡ್ರೈವಿನಲ್ಲಿ ಎರಡು ಸಲ ಕುಳಿತೆವು. ಅವನು ಸಮುದ್ರ ನೋಡುತ್ತ ಜೀಪಿನ ಕಂತಿನ ಮಾತಾಡಿದ. ರೈಲು ನಿಲ್ದಾಣದ ಮುಂದೆ ಬಂದು ನಿಂತಾಗ ಎರಡೂಕಾಲು ತಾಸು ಕಳೆದಿತ್ತು. ನಮ್ಮ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಹಾಕಿ ಬರೆದೆವು: 1 ವರ್ಷ, 9 ತಿಂಗಳು, 20 ದಿನ. ಅವನು ಬಗ್ಗಿ ಓದಿ, ಗಡಿಯಾರ ನೋಡಿ, ನಮ್ಮ ಮುಖ ನೋಡಿ,

“ಈಗ ಅನ್ರಿ ಗುರೂಜಿ, ಮುಗೀತು ಅಂತ” ಎಂದ.

ಮೊಣಕಾಲು ಸೆಳೆಯುತ್ತಿತ್ತು. ಮೊದಲು ಎಲ್ಲಾದರೂ ಕುಳಿತು ಚಹಾ ಕುಡಿಯೋಣ ನಡಿ ಎಂದೆವು.