ಚಪ್ಪರದ ಬೆಳಕು

ತಲೆಯ ಮೇಲೆ ಗ್ಯಾಸ್‌ಬತ್ತಿ ಹೊತ್ತು ಮೆರವಣಿಗೆಯ ಇಕ್ಕೆಲದಲ್ಲಿ ನಡೆಯುವವರ ಕಾಲ ಸಂದಿತು. ಇಂದು ಬೆಳಗಾವಿಯ ಡಿಜೆ ತರುಣನು ಖಾನಾಪುರದ ಮದುವೆಗೆ ಹೊರಟಾಗ ಧ್ವನಿವರ್ಧಕಗಳೊಡನೆ ಎಲ್‌ಇಡಿ ದೀಪಗಳನ್ನೂ ಒಯ್ಯುತ್ತಾನೆ. ಅವು ನೆಲದ ಮೇಲೆ ಕುಳಿತು ಚಪ್ಪರದ ಪರದೆಗಳಿಗೆ ಬಣ್ಣ ಬಳಿಯುತ್ತವೆ. ಸಾಲ ಮಾಡಿ ಕೊಳ್ಳುವವನು ಅಗ್ಗವಾದುದನ್ನು ಅರಸುವುದು ಸಹಜವೇ. ಆದರೆ ಯಾವುದು ಅಗ್ಗ?

ಹಿಂದಿನ ದೊಡ್ಡ ಹ್ಯಾಲೊಜೆನ್ ದೀಪವೊಂದೇ 1000 ವ್ಯಾಟ್ ನುಂಗುತ್ತಿತ್ತು. 3 ವ್ಯಾಟಿನ 54 ಬಿಂದುಗಳುಳ್ಳ ಎಲ್‌ಇಡಿ ದೀಪಕ್ಕೆ ಲೆಕ್ಕದಲ್ಲಿ 162 ವ್ಯಾಟ್. ಒಬ್ಬನ ಊಟದಲ್ಲಿ ಆರು ಮಂದಿ ಉಂಡಂತೆ! ವಿದ್ಯುತ್ತು ಹೋದ ಹಳ್ಳಿಯಲ್ಲಿಯೂ ಸಣ್ಣ ಜನರೇಟರು ಸಾಕಾದೀತು.

ಇಷ್ಟಕ್ಕೇ ಮೋಹಗೊಳ್ಳಲಾಗದು. ಕೆಂಪು, ಹಸುರು, ನೀಲಿಗಳಷ್ಟೇ ಇರುವ ಅಗ್ಗದ ದೀಪವು ಮೂರನ್ನೂ ಬೆರೆಸಿ ಬಿಳುಪನ್ನು ಚೆಲ್ಲಿದಾಗ, ವೇದಿಕೆಯ ಮೇಲಿನ ಅರಿಸಿನದ ಮೊಗ ಕಳೆಗುಂದುತ್ತದೆ. ಹೊಂಬಣ್ಣದ ಬಿಂದುಗಳೂ ಇರುವ ದೀಪ ತುಸು ದುಬಾರಿ. ಆದರೆ ಹದಿನಾರು ಕೊಳ್ಳುವಲ್ಲಿ ಅಂಥವು ಎಂಟಿದ್ದರೂ ಸಾಕು. ಖಾನಾಪುರದ ಮಳೆ ಹೇಳಿ ಕೇಳಿ ಬರುವಂಥದಲ್ಲ. ಬಯಲಿನಲ್ಲಿಡುವ ದೀಪಕ್ಕೆ ಐಪಿ 65ರ ಗುರುತು ಇರತಕ್ಕದ್ದು.

ದೀಪದ ಬೆಲೆಯನ್ನು ತೆರುವುದು ಒಂದೇ ಸಲ. ಛಾಯಾಚಿತ್ರದಲ್ಲಿ ಮದುವಣಗಿತ್ತಿಯ ಮೊಗ ನೀಲಿಗಟ್ಟಿ ಉಳಿದರೆ, ಆ ಮನೆಯವರು ತಂಗಿಯ ಮದುವೆಗೆ ಆತನನ್ನು ಕರೆಯರು. ಸಾಲದ ಕಂತು ಮಾತ್ರ ತಪ್ಪದೆ ಕರೆಯುತ್ತದೆ.