ಡಬ್ಬಿ ಹುಡುಕಲು ಹೋದ ನಾವು

ಕೈ ಜಿಪಿಎಸ್ ಹಿಡಿದು ನಾವು ಮೊನ್ನೆ ಆತಗೂರಿನ ತೆಂಗಿನ ತೋಟಕ್ಕೆ ಹೋಗಿದ್ದೆವು, ಜಿಯೋಕ್ಯಾಷಿಂಗ್ ಕಲಿಯಲು. ಗೆಳೆಯ ಡಬ್ಬಿ ಬಚ್ಚಿಟ್ಟು ಅಕ್ಷಾಂಶ, ರೇಖಾಂಶ ಕೊಟ್ಟಿದ್ದ. ಹುಡುಕುವುದು ನಮ್ಮ ಪಾಲು. ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಕೂಡಲೇ ಅಲ್ಲಿ ಹುಟ್ಟಿದ ಆಟ ಇದು. ಕನಿಷ್ಠ 4 ಉಪಗ್ರಹ ಸಿಗಬೇಕು. ಗರಿಗಳ ಕೆಳಗೆ ಬಾಣ ಓಲಾಡಿತು, ಪರದೆ ‘5 ಮೀಟರ್ ಹೆಚ್ಚುಕಮ್ಮಿ’ ಎಂದಿತು. ಕೊನೆಗೆ ಕಣ್ಣಿಂದಲೇ ಹುಡುಕಿದೆವು, ಬದುವಿನ ಸಂದಿಯಲ್ಲಿತ್ತು.

ಪಕ್ಕದ ಗದ್ದೆಯವರೊಬ್ಬರು ಓಡಿಬಂದರು. ‘ಸರ್ವೆಯೋರಾ? ನಮ್ ಬಾಂದ್ ಕಲ್ಲು ಎಲ್ಲದೆ ತೋರ್ಸ್ಬುಡಿ. ಅಣ್ಣತಮ್ಮಂದ್ರು ಮಾತು ಬುಟ್ಟು ಮೂರು ವರ್ಸಾಯ್ತು.’

ತೋರಿಸಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ 5 ಮೀಟರ್ ಅಂದರೆ 16 ಅಡಿ. ಡಬ್ಬಿಗೆ ಪರವಾಗಿಲ್ಲ, ಬದುವಿಗೆ ಹೊಡೆದಾಟವೇ. ಹದ್ದುಬಸ್ತಿಗೆ ಅರ್ಜಿ ಹಾಕಿ ಎಂದೆವು.

‘ಇಂಥಾ ಮಿಷಿನ್ ಇಟ್ಕಂಡು ಬರೀ ಡಬ್ಬಿ ಹುಡುಕ್ತೀರಾ?’ ಅಂದರು.